ಮುಕ್ತ ಜಾಝ್ ಗಿಟಾರೂ ಕನ್ನಡಿಗರ ಕಿವಿಯೂ

ಕಾಂದಿವಲಿಯಲ್ಲಿ ಸದ್ದಿಗೆ ಬರವಿಲ್ಲ. ಪೂರ್ವಕ್ಕೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ಪಶ್ಚಿಮಕ್ಕೆ ಎಸ್.ವಿ. ರೋಡು ಮತ್ತು ಲಿಂಕ್ ರೋಡು, ನಡುವೆ ನಸುಕಿನಿಂದ ನಡುರಾತ್ರಿಯವರೆಗೆ ಓಡುವ ಲೋಕಲ್ ಗಾಡಿಗಳು. 2022ರಿಂದ ಹೆದ್ದಾರಿಯ ಮೇಲೂ ಲಿಂಕ್ ರೋಡಿನ ಮೇಲೂ ಮೆಟ್ರೋ ಓಡತೊಡಗಿದೆ. ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಎಬ್ಬಿಸುವ ಕೆಲಸವು ಒಂದು ಗಲ್ಲಿಯಲ್ಲಿ ಮುಗಿಯುವಷ್ಟರಲ್ಲಿ ಮತ್ತೊಂದು ಗಲ್ಲಿಯಲ್ಲಿ ಆರಂಭವಾಗಿರುತ್ತದೆ. ಹಬ್ಬಗಳ ಕಾಲ ಬಂದಿತೆಂದರೆ ಧ್ವನಿವರ್ಧಕಗಳ ಗೋಡೆಗಳೇ ಎದ್ದು ನಿಲ್ಲುತ್ತವೆ. ಇಂಥ ಊರಿನಲ್ಲಿ ಬಾಳುವವನ ಕಿವಿಯು ತನ್ನ ರಕ್ಷಣೆಗಾಗಿ ಕೇಳದಿರುವ ಅಭ್ಯಾಸವನ್ನು ಬೆಳೆಸಿಕೊಳ್ಳುತ್ತದೆ. ರೈಲಿನ ಸದ್ದನ್ನು ಕೇಳದಿರುವುದು ಕಲಿತಮೇಲೆ, ಪಕ್ಕದಲ್ಲಿ ಕುಳಿತವರ ಮಾತನ್ನು ಕೇಳದಿರುವುದು ಕಷ್ಟವಾಗುವುದಿಲ್ಲ.

ಈ ಗದ್ದಲದ ನಡುವೆ ಕೆಲವು ಕನ್ನಡಿಗರ ಮನೆಗಳಲ್ಲಿ ಇತ್ತೀಚೆಗೆ ವಿಚಿತ್ರವಾದ ಒಂದು ಸಂಗೀತ ಕೇಳಿಬರುವುದುಂಟು. ಕಾಲೇಜಿಗೆ ಹೋಗುವ ಮಗನೋ ಮಗಳೋ ಕೋಣೆಯ ಬಾಗಿಲು ಮುಚ್ಚಿಕೊಂಡು ಒಂದು ಗಿಟಾರನ್ನು ಕೇಳುತ್ತಿರುತ್ತಾರೆ. ಅದರಲ್ಲಿ ಹಾಡಿಲ್ಲ, ತಾಳವಿದ್ದಂತೆ ತೋರುವುದಿಲ್ಲ, ಹಿಂದಿ ಚಿತ್ರಗೀತೆಗಳ ಅಬ್ಬರದ ವಾದ್ಯಮೇಳವೂ ಇಲ್ಲ. ಒಂದು ಸ್ವರ ಬರುತ್ತದೆ, ನಿಲ್ಲುತ್ತದೆ. ಬಳಿಕ ಎಲ್ಲಿಯೋ ದೂರದ ಇನ್ನೊಂದು ಸ್ವರ. ಹಿರಿಯರು ಸ್ವಲ್ಪ ಹೊತ್ತು ಆಲಿಸಿ, “ಇವನು ಇನ್ನೂ ಶ್ರುತಿ ಕೂಡಿಸುತ್ತಿದ್ದಾನೋ, ಬಾರಿಸಲು ತೊಡಗಿದ್ದಾನೋ?” ಎಂದು ಕೇಳಿ ಸುಮ್ಮನಾಗುತ್ತಾರೆ. ಮಕ್ಕಳೂ ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ. ಎರಡು ತಲೆಮಾರುಗಳ ನಡುವಿನ ಬಾಗಿಲು ಇನ್ನಷ್ಟು ಭದ್ರವಾಗಿ ಮುಚ್ಚಿಕೊಳ್ಳುತ್ತದೆ.

ಈ ಬಾಗಿಲು ಮುಚ್ಚಬೇಕಾದುದಿಲ್ಲ. ಮಕ್ಕಳು ಕೇಳುತ್ತಿರುವ ಆ ಸಂಗೀತಕ್ಕೆ ಮುಕ್ತ ಜಾಝ್ ಎಂದು ಹೆಸರು. ಅದನ್ನು ಗ್ರಹಿಸುವುದಕ್ಕೆ ಬೇಕಾದ ಕಿವಿಯು ಆಲಾಪನೆಯನ್ನೂ ತಾಳಮದ್ದಲೆಯನ್ನೂ ಕೇಳಿ ಬೆಳೆದ ಹಿರಿಯರಲ್ಲಿಯೇ ಇದೆ. ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು, ತಗ್ಗಿದ ದನಿಯಲ್ಲಿ ಅದನ್ನು ಕೇಳುವುದು ಮನೆಯ ನೆಮ್ಮದಿಗೂ ಕಿವಿಯ ಆರೋಗ್ಯಕ್ಕೂ ಹಿತವಾದುದು. ಕನ್ನಡ ಸಂಘಗಳು ಇದನ್ನು ಗಂಭೀರವಾಗಿ ಚಿಂತಿಸುವ ಕಾಲ ಬಂದಿದೆ.

ಮುಕ್ತ ಜಾಝ್ ಎಂದರೇನು?

ಜಾಝ್ ಸಂಗೀತವು ಅಮೆರಿಕದ ನೀಗ್ರೋ ಜನಾಂಗವೆಂದು ಹಿಂದೆ ಕರೆಯಲ್ಪಡುತ್ತಿದ್ದ ಆಫ್ರಿಕನ್ ಅಮೆರಿಕನ್ನರ ನೋವು ನಲಿವುಗಳಿಂದ ಹುಟ್ಟಿದುದು. ಅದರ ಸಾಮಾನ್ಯ ಕ್ರಮದಲ್ಲಿ ಮೊದಲು ಒಂದು ಧಾಟಿಯನ್ನು ನುಡಿಸುತ್ತಾರೆ. ಆ ಧಾಟಿಗೆ ಆಧಾರವಾಗಿ ಸ್ವರಮೇಳಗಳ ಒಂದು ಆವರ್ತವಿರುತ್ತದೆ. ವಾದಕರು ಸರದಿಯಂತೆ ಆ ಆವರ್ತದ ಮೇಲೆ ತಮ್ಮ ಮನೋಧರ್ಮವನ್ನು ವಿಸ್ತರಿಸಿ, ಕೊನೆಗೆ ಧಾಟಿಗೆ ಮರಳುತ್ತಾರೆ. ಪಲ್ಲವಿಯನ್ನು ಹಿಡಿದು ನೆರವಲು ಮಾಡಿ ಮತ್ತೆ ಪಲ್ಲವಿಗೆ ಬರುವುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು.

1960ರ ಡಿಸೆಂಬರಿನಲ್ಲಿ ಆರ್ನೆಟ್ ಕೋಲ್ಮನ್ ಎಂಬ ಸ್ಯಾಕ್ಸೊಫೋನ್ ವಾದಕರು ನಾಲ್ವರ ಎರಡು ತಂಡಗಳನ್ನು ಒಟ್ಟಿಗೆ ಕೂಡಿಸಿ ಸುಮಾರು 37 ನಿಮಿಷಗಳ ಒಂದು ಧ್ವನಿಮುದ್ರಿಕೆಯನ್ನು ಸಿದ್ಧಗೊಳಿಸಿದರು. ಮರುವರ್ಷ ಹೊರಬಂದ ಅದರ ಹೆಸರು ‘ಫ್ರೀ ಜಾಝ್’. ಸ್ವರಮೇಳಗಳ ನಿಶ್ಚಿತ ಆವರ್ತವನ್ನು ಅಲ್ಲಿ ಕೈಬಿಡಲಾಗಿತ್ತು. ಒಬ್ಬ ನುಡಿಸಿದುದನ್ನು ಇನ್ನೊಬ್ಬ ಕೇಳಿ, ಒಪ್ಪಿ ಅಥವಾ ಎದುರಿಸಿ, ಮುಂದಕ್ಕೆ ಒಯ್ಯುವುದೇ ಅಲ್ಲಿನ ಕಟ್ಟುಪಾಡು. ಈ ಪಂಥಕ್ಕೆ ಆ ಮುದ್ರಿಕೆಯ ಹೆಸರೇ ನಿಂತಿತು. ಕೋಲ್ಮನ್ನರು ಮುಂದೆ ಕಟ್ಟಿದ ‘ಪ್ರೈಮ್ ಟೈಮ್’ ತಂಡದ ವಿದ್ಯುತ್ ವಾದ್ಯಗಳ ಗದ್ದಲದಲ್ಲಿಯೂ ಬರ್ನ್ ನಿಕ್ಸ್ ಎಂಬ ಗಿಟಾರ್ ವಾದಕರು ತಮ್ಮ ತಿಳಿಯಾದ ನಾದವನ್ನು ಬಿಟ್ಟುಕೊಡಲಿಲ್ಲ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1930ರಲ್ಲಿ ಜನಿಸಿದ ಡೆರೆಕ್ ಬೈಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೃತ್ಯಶಾಲೆಗಳಲ್ಲಿಯೂ ಸ್ಟುಡಿಯೋಗಳಲ್ಲಿಯೂ ಹೊಟ್ಟೆಪಾಡಿಗಾಗಿ ಗಿಟಾರ್ ನುಡಿಸಿ ಪಳಗಿದ ಈ ಕಲಾವಿದರು 1960ರ ದಶಕದಲ್ಲಿ ಕಲಿತ ಧಾಟಿಗಳನ್ನೆಲ್ಲ ಬದಿಗಿರಿಸಿ, ಸಿದ್ಧ ಮಾದರಿಗಳ ಹಂಗಿಲ್ಲದ ತತ್ಕ್ಷಣದ ವಾದನವನ್ನು ಅರಸಿದರು. ತಮ್ಮ ಸಂಗೀತಕ್ಕೆ ಜಾಝ್ ಎಂಬ ಹೆಸರನ್ನು ಅವರು ಒಪ್ಪುತ್ತಿರಲಿಲ್ಲವಾದರೂ ಕೇಳುಗರು ಅವರನ್ನು ಈ ಪಂಥದ ನೆರೆಯಲ್ಲಿಯೇ ಇರಿಸಿದ್ದಾರೆ. 1980ರಲ್ಲಿ ಅವರು ತತ್ಕ್ಷಣ ಸೃಷ್ಟಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಆ ಗ್ರಂಥದ ಚರ್ಚೆ ತೊಡಗುವುದು ಭಾರತೀಯ ಸಂಗೀತದಿಂದ. ಲೋಕದಲ್ಲಿ ಮನೋಧರ್ಮದ ಸಂಗೀತವನ್ನು ಕುರಿತು ಬರೆಯಹೊರಟವನು ರಾಗದ ಬಾಗಿಲನ್ನು ಮೊದಲು ತಟ್ಟಬೇಕಾಯಿತೆಂಬುದನ್ನು ಕನ್ನಡಿಗರು ಗಮನಿಸಬೇಕು.

ಶುಚಿಯಾದ ನಾದ

ವಿದ್ಯುತ್ ಗಿಟಾರೆಂದೊಡನೆ ಅನೇಕರ ಕಣ್ಣೆದುರು ಬರುವುದು ಉದ್ದ ಕೂದಲಿನ ತರುಣನೂ ಕಿವಿಗಡಚಿಕ್ಕುವ ಗರ್ಜನೆಯೂ. ಆ ಗರ್ಜನೆ ಹುಟ್ಟುವ ಬಗೆಯನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ವರ್ಧಕಯಂತ್ರಕ್ಕೆ ಅದರ ಅಳವನ್ನು ಮೀರಿದ ಸಂಕೇತವನ್ನು ಕೊಟ್ಟಾಗ ನಾದದ ಅಲೆಗಳ ತುದಿಗಳು ಕತ್ತರಿಸಿಹೋಗುತ್ತವೆ. ತಂತಿಯಲ್ಲಿ ಇಲ್ಲದಿದ್ದ ಹೊಸ ಉಪಸ್ವರಗಳು ಸೇರಿಕೊಳ್ಳುತ್ತವೆ. ಮೆಲ್ಲಗೆ ಮೀಟಿದುದಕ್ಕೂ ಜೋರಾಗಿ ಮೀಟಿದುದಕ್ಕೂ ಇರುವ ಅಂತರ ಕುಗ್ಗುತ್ತದೆ, ನಾದವು ಬಹಳ ಹೊತ್ತು ಎಳೆದುಕೊಂಡು ನಿಲ್ಲುತ್ತದೆ. ಪೆಂಡಾಲಿನ ಧ್ವನಿವರ್ಧಕವನ್ನು ಮಿತಿಮೀರಿ ಏರಿಸಿದಾಗ ಭಾಷಣಕಾರರ ಕಂಠ ಒಡೆದು ಹರಿಯುವುದೂ ಇದೇ ಕಾರಣದಿಂದ. ಜಿಮಿ ಹೆಂಡ್ರಿಕ್ಸರಂಥ ಕಲಾವಿದರು ಈ ಒಡಕನ್ನೇ ಒಂದು ಕಲೆಯಾಗಿ ಮಾಡಿದರು. ಆದುದರಿಂದ ಅದನ್ನು ಹಳಿಯಬೇಕಾಗಿಲ್ಲ.

ಶುಚಿಯಾದ ನಾದದ ಗಿಟಾರಿನಲ್ಲಿ ಇದಾವುದೂ ಇರುವುದಿಲ್ಲ. ತಂತಿ ನುಡಿದಷ್ಟನ್ನು ಮಾತ್ರ ಯಂತ್ರವು ಕೇಳಿಸುತ್ತದೆ. ಮೀಟಿದ ಗಳಿಗೆಯಿಂದಲೇ ನಾದವು ಕ್ಷೀಣಿಸತೊಡಗುತ್ತದೆ. ಉಗುರು ತಾಗಿತೋ, ಮೀಟುಕಡ್ಡಿ ತಾಗಿತೋ, ಬೆರಳು ಹಿಂಜರಿಯಿತೋ, ಎಲ್ಲವೂ ಬಯಲಾಗುತ್ತದೆ. ವೀಣೆಯನ್ನು ಹತ್ತಿರದಿಂದ ಕೇಳಿದವರಿಗೆ ಈ ಅನುಭವ ಹೊಸದಲ್ಲ. ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ವಾದನವನ್ನು ಆಕಾಶವಾಣಿಯಲ್ಲಿ ಕೇಳುತ್ತಿದ್ದವರು ಒಂದು ಮೀಟಿನ ನಾದವು ಆರುವ ತನಕ ಉಸಿರು ಬಿಗಿಹಿಡಿದುದನ್ನು ನೆನೆಯಬಹುದು. ಆರಿಹೋಗುವ ನಾದವೇ ಕೇಳುಗನನ್ನು ಮುಂದಕ್ಕೆ ಬಾಗಿಸುತ್ತದೆ.

ಬೈಲಿಯವರ ಗಿಟಾರಿನಲ್ಲಿ ತಂತಿಯನ್ನು ಒತ್ತದೆ ಬೆರಳ ತುದಿಯಿಂದ ಮುಟ್ಟಿ ಹೊರಡಿಸಿದ ಗಂಟೆಯಂಥ ದನಿಗಳು, ಕೈಯಿಂದ ಅದುಮಿ ಹಿಡಿದ ಒಣ ಸಪ್ಪಳಗಳು, ನಡುನಡುವೆ ದೀರ್ಘವಾದ ಮೌನ ಇವೆ. 1955ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜೋ ಮಾರಿಸರ ದಾರಿ ಬೇರೆ. ಅವರು ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ, ವೇಗವಾಗಿ ಪೋಣಿಸುತ್ತ ಉದ್ದುದ್ದ ವಾಕ್ಯಗಳನ್ನು ನುಡಿಸುತ್ತಾರೆ. ಪಶ್ಚಿಮ ಆಫ್ರಿಕದ ತಂತಿವಾದ್ಯಗಳ ಪ್ರಭಾವ ಅವರ ಮೇಲಿದೆ. ಇಬ್ಬರಲ್ಲಿಯೂ ಸಮಾನವಾದುದು ಮರೆಮಾಚುವಿಕೆಯಿಲ್ಲದಿರುವುದು. ಧಾಟಿಯ ಆಸರೆಯೂ ಇಲ್ಲ, ಯಂತ್ರದ ಆಸರೆಯೂ ಇಲ್ಲ. ಅಂಥ ಎಡೆಯಲ್ಲಿ ವಾದಕನ ಆಲೋಚನೆಯೊಂದೇ ಉಳಿಯುತ್ತದೆ.

ಕನ್ನಡಿಗರ ಕಿವಿಗೆ ಇದು ಅಪರಿಚಿತವೇ?

ಮಳೆಗಾಲದಲ್ಲಿ ಮುಂಬಯಿಯ ಸಂಘಸಂಸ್ಥೆಗಳ ಆಶ್ರಯದಲ್ಲಿ ತಾಳಮದ್ದಲೆಯ ಕೂಟಗಳು ನಡೆಯುವುದುಂಟು. ಕರಾವಳಿಯಿಂದ ಬಂದು ಹೋಟೆಲು, ಬ್ಯಾಂಕು, ಗಿರಣಿಗಳಲ್ಲಿ ದುಡಿದವರು ಮೂರು ನಾಲ್ಕು ಗಂಟೆ ಕದಲದೆ ಕುಳಿತು ಅದನ್ನು ಆಸ್ವಾದಿಸುತ್ತಾರೆ. ಯಕ್ಷಗಾನದ ಬಣ್ಣ, ಕಿರೀಟ, ಕುಣಿತಗಳನ್ನೆಲ್ಲ ಕಳಚಿದ ಮೇಲೆ ಉಳಿಯುವುದೇ ತಾಳಮದ್ದಲೆ. ಭಾಗವತರು ಪದವನ್ನು ಹಾಡುತ್ತಾರೆ, ಅರ್ಥಧಾರಿಯು ಬರೆದಿಟ್ಟ ಮಾತಿಲ್ಲದೆ ಅಲ್ಲಿಯೇ ಅರ್ಥವನ್ನು ಕಟ್ಟುತ್ತಾನೆ. ಎದುರಾಳಿಯು ಯಾವ ಪ್ರಶ್ನೆಯನ್ನು ಎಸೆಯುವನೆಂದು ಅವನಿಗೆ ಮುಂಚಿತವಾಗಿ ತಿಳಿದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಎದುರಿನಲ್ಲಿ ಕುಳಿತ ಅರ್ಥಧಾರಿಗೆ ಕಂಠಪಾಠವು ಎಷ್ಟು ಹೊತ್ತು ತಾನೇ ಆಸರೆಯಾದೀತು? ವೇಷವಿಲ್ಲದ ಎಡೆಯಲ್ಲಿ ಮಾತಿನ ಬಲಾಬಲ ಬಯಲಾಗುವಂತೆ, ಅಲಂಕಾರವಿಲ್ಲದ ಗಿಟಾರಿನಲ್ಲಿ ಸ್ವರದ ಬಲಾಬಲ ಬಯಲಾಗುತ್ತದೆ.

ಅಂತೆಯೇ ಆಲಾಪನೆ. ಪಂಡಿತ ಮಲ್ಲಿಕಾರ್ಜುನ ಮನ್ಸೂರರು, ಶ್ರೀಮತಿ ಗಂಗೂಬಾಯಿ ಹಾನಗಲ್ಲರು ಧಾರವಾಡದ ಸೀಮೆಯಿಂದ ಬಂದು ಮುಂಬಯಿಯ ರಸಿಕರೆದುರು ಹಾಡಿದಾಗ, ಮುಂದಿನ ಸ್ವರ ಯಾವುದೆಂಬ ನಿರೀಕ್ಷೆಯಲ್ಲಿಯೇ ಕೇಳುಗರ ಆನಂದವಿತ್ತು. ರಾಗದ ಎಲ್ಲೆಯು ತಿಳಿದಿರುವುದರಿಂದ ಆ ಎಲ್ಲೆಯ ಅಂಚಿನಲ್ಲಿ ಗಾಯಕನು ನಡೆಯುವಾಗ ಕೇಳುಗನ ಎದೆ ಡವಗುಟ್ಟುತ್ತಿತ್ತು.

ಹಾಗೆಂದಮಾತ್ರಕ್ಕೆ ಎರಡೂ ಒಂದೇ ಎನ್ನುವುದು ಸಲ್ಲದು. ಆಲಾಪನೆಯ ಹಿಂದೆ ತಂಬೂರಿಯ ಷಡ್ಜವು ಮನೆಯ ದೀಪದಂತೆ ಉರಿಯುತ್ತಿರುತ್ತದೆ. ಗಾಯಕನು ಎಷ್ಟು ದೂರ ಹೋದರೂ ಅಲ್ಲಿಗೆ ಮರಳುತ್ತಾನೆ. ತಾಳಮದ್ದಲೆಗೆ ಪ್ರಸಂಗವಿದೆ, ಕರ್ಣನು ಕೊನೆಗೆ ಕರ್ಣನಾಗಿಯೇ ಉಳಿಯಬೇಕು. ಮುಕ್ತ ಗಿಟಾರಿಗೆ ಅಂಥ ಮನೆಯೂ ಇಲ್ಲ, ಪ್ರಸಂಗವೂ ಇಲ್ಲ. ಹಿರಿಯರ ಅಸಮಾಧಾನಕ್ಕೆ ನಿಜವಾದ ಕಾರಣ ಇದೇ ಆಗಿರಬಹುದು. ಆದರೆ ಊರಿನ ಮನೆಯನ್ನು ಬಿಟ್ಟು, ಮರಳುವ ದಿನ ಗೊತ್ತಿಲ್ಲದೆ ಮುಂಬಯಿಯ ಗಾಡಿ ಹತ್ತಿದವರಿಗೆ, ಆಧಾರಸ್ವರವಿಲ್ಲದೆ ಮುಂದಿನ ಹೆಜ್ಜೆಯನ್ನು ತಾನೇ ಹುಡುಕಿಕೊಳ್ಳುವ ಈ ಸಂಗೀತದ ಪಾಡು ಅರ್ಥವಾಗದೆ ಇರಲಾರದು.

ಜಾಝ್ ಲೋಕದಲ್ಲಿ ಕನ್ನಡ ನಾಡಿನವರು

ಜಾಝ್ ಸಂಗೀತವು ಕನ್ನಡಿಗರಿಗೆ ಸಂಬಂಧಿಸಿದುದಲ್ಲ ಎನ್ನುವವರು ಮುಂಬಯಿಯ ಚರಿತ್ರೆಯನ್ನೇ ಒಮ್ಮೆ ನೋಡಬೇಕು. ನಿರಂಜನ ಝವೇರಿ ಮತ್ತು ಸಂಗಡಿಗರ ಪ್ರಯತ್ನದಿಂದ 1978ರಲ್ಲಿ ಈ ನಗರದಲ್ಲಿ ‘ಜಾಝ್ ಯಾತ್ರಾ’ ಉತ್ಸವ ಆರಂಭವಾಯಿತು. ಮೊದಲ ವರ್ಷವೇ ಸನ್ನಿ ರಾಲಿನ್ಸರಂಥ ದಿಗ್ಗಜರು ಬಂದು ನುಡಿಸಿದರು. 1980ರ ಮುಂಬಯಿ ಉತ್ಸವದಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದ ತರುಣರೊಬ್ಬರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದಾಗ, ಅದನ್ನು ಕೇಳಿದ ಕ್ಯಾಲಿಫೋರ್ನಿಯದ ಜಾನ್ ಹ್ಯಾಂಡಿಯವರು ತಾವೂ ಜೊತೆಗೂಡಬಹುದೇ ಎಂದು ಕೇಳಿ ವೇದಿಕೆಯನ್ನೇರಿದರು. ಆ ತರುಣರೇ ಕದ್ರಿ ಗೋಪಾಲನಾಥರು. ನಾಗಸ್ವರ ವಾದಕರ ಮಗನಾಗಿ 1949ರಲ್ಲಿ ಜನಿಸಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಅದಕ್ಕೆ ಮನಸೋತು, ವಿದೇಶೀ ವಾದ್ಯಕ್ಕೆ ಗಮಕವನ್ನು ಕಲಿಸಲು ವರ್ಷಗಟ್ಟಲೆ ದುಡಿದವರು. 2019ರಲ್ಲಿ ಅವರು ನಿಧನರಾದರು.

ಗಿಟಾರಿನಲ್ಲಿಯೂ ನಾಡಿನ ನಂಟು ಇಲ್ಲದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್ ಕಲಾವಿದ ಕಾರ್ಲ್‌ಟನ್ ಕಿಟ್ಟೊ ಅವರು ಕಲ್ಕತ್ತೆಯಲ್ಲಿ ನೆಲೆಸಿ, ಬೀಬಾಪ್ ಎಂಬ ಕಠಿನವಾದ ಜಾಝ್ ಪದ್ಧತಿಯನ್ನು ತಿಳಿಯಾದ ಗಿಟಾರ್ ನಾದದಲ್ಲಿ ದಶಕಗಳ ಕಾಲ ನುಡಿಸಿದರು, ಶಿಷ್ಯರಿಗೆ ಕಲಿಸಿದರು. 2016ರಲ್ಲಿ ಅವರು ತೀರಿಕೊಂಡರು. ಅವರದು ಮುಕ್ತ ಜಾಝ್ ಅಲ್ಲ. ಆದರೆ ಕೇಳುಗರ ಸಂಖ್ಯೆ ಕುಗ್ಗಿದಾಗಲೂ ನಾದದ ಶುಚಿಯನ್ನು ಬಿಡದ ನಿಷ್ಠೆಯು ಅವರಲ್ಲಿತ್ತು.

ವಲಸೆ ಬಂದ ಕುಟುಂಬಗಳು ವಿಶೇಷವಾಗಿ ಅರಿಯಬೇಕಾದ ಕಥೆ ರುದ್ರೇಶ ಮಹಾಂತಪ್ಪ ಅವರದು. ಕರ್ನಾಟಕದಿಂದ ಹೊರನಾಡಿಗೆ ಹೋದ ಭೌತವಿಜ್ಞಾನಿಯೊಬ್ಬರ ಮಗನಾಗಿ 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಹುಟ್ಟಿ, ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ ಅವರು ಜಾಝ್ ಸ್ಯಾಕ್ಸೊಫೋನನ್ನು ಆರಿಸಿಕೊಂಡರು. ಅವರ ಹೆಸರನ್ನೂ ಮೈಬಣ್ಣವನ್ನೂ ಕಂಡವರು ಭಾರತೀಯ ಸಂಗೀತವು ಅವರಿಗೆ ತಾನಾಗಿಯೇ ತಿಳಿದಿರುವುದೆಂದು ಭಾವಿಸುತ್ತಿದ್ದರು, ಅವರಿಗಾದರೋ ಅದು ಅಷ್ಟಾಗಿ ತಿಳಿದಿರಲಿಲ್ಲ. ಸಂಗೀತ ವಿದ್ಯಾರ್ಥಿಯಾಗಿದ್ದಾಗ ಅಣ್ಣನು ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಉಡುಗೊರೆಯಾಗಿ ಕೊಟ್ಟನು. ಅದು ಕದ್ರಿ ಗೋಪಾಲನಾಥರದು. ತಮಾಷೆಯು ಬದುಕಿನ ದಾರಿಯನ್ನೇ ತಿರುಗಿಸಿತು. 2008ರಲ್ಲಿ ಗುರುಸಮಾನರಾದ ಗೋಪಾಲನಾಥರೊಡನೆ ಅವರು ‘ಕಿನ್ಸ್‌ಮೆನ್’ ಎಂಬ ಮುದ್ರಿಕೆಯನ್ನು ಹೊರತಂದರು. ಹೆಸರಿನ ಅರ್ಥ ಬಂಧುಗಳು ಎಂದು. ಅದರಲ್ಲಿ ಗಿಟಾರ್ ನುಡಿಸಿದವರು ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ಬೆಳೆದ ರೆಝ್ ಅಬ್ಬಾಸಿ. ಅದೇ ವರ್ಷದ ‘ಆಪ್ತಿ’ ಎಂಬ ಇನ್ನೊಂದು ಮುದ್ರಿಕೆಯಲ್ಲಿ ಸ್ಯಾಕ್ಸೊಫೋನ್, ಗಿಟಾರ್, ತಬಲಾ ಈ ಮೂರೇ ವಾದ್ಯಗಳಿರುವುದರಿಂದ ಗಿಟಾರಿನ ನಡೆಯನ್ನು ಸ್ಪಷ್ಟವಾಗಿ ಹಿಂಬಾಲಿಸಬಹುದು.

ಕೊಲೊರಾಡೊದ ಹುಡುಗನು ಜಾಝ್ ಸಂಗೀತದ ಮೂಲಕ ಬಂಟ್ವಾಳದ ಕಲಾವಿದನ ಬಳಿಗೆ ಬಂದು ಸೇರಿದನು. ಮಗುವು ಯಾವ ದಾರಿಯಿಂದ ಮನೆಗೆ ಮರಳುವುದೆಂದು ಹೇಳಬಲ್ಲವರಾರು? ಹಾಗಿರುವಾಗ ಕಾಂದಿವಲಿಯ ಕೋಣೆಯೊಂದರಲ್ಲಿ ಅಪರಿಚಿತ ಗಿಟಾರನ್ನು ಕೇಳುವ ಮಗುವು ಕನ್ನಡದಿಂದ ದೂರವಾಯಿತೆಂದು ತೀರ್ಮಾನಿಸುವುದು ಆತುರದ ಮಾತಾಗುತ್ತದೆ.

ಕಿವಿಯ ಆರೋಗ್ಯ

ಆರೋಗ್ಯದ ದೃಷ್ಟಿಯಿಂದಲೂ ಈ ವಿಷಯವನ್ನು ನೋಡಬೇಕಾಗಿದೆ. ಪ್ರತಿಯೊಂದು ಒಳಕಿವಿಯ ಶಂಖಾಕೃತಿಯ ನಾಳದಲ್ಲಿ ಸುಮಾರು 15,000 ಸೂಕ್ಷ್ಮವಾದ ರೋಮಕೋಶಗಳಿರುತ್ತವೆ. ನಾದದ ಕಂಪನವನ್ನು ನರಗಳ ಸಂದೇಶವಾಗಿ ಮಾರ್ಪಡಿಸುವ ಕೆಲಸ ಇವುಗಳದು. ಅತಿಯಾದ ಸದ್ದಿನಿಂದ ಇವು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬಲ್ ಮಟ್ಟದ ಸದ್ದನ್ನು ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಹೆಚ್ಚಿದರೆ ಸದ್ದಿನ ಶಕ್ತಿಯು ಹತ್ತುಪಟ್ಟು ಹೆಚ್ಚಾಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟರೆ ಈ ಅಂತರದ ಅರ್ಥ ತಿಳಿಯುವುದು.

ಭಾರತದಲ್ಲಿ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್ಲುಗಳ ಮಿತಿಯನ್ನು ಗೊತ್ತುಪಡಿಸಿವೆ. ಹೆದ್ದಾರಿಗೆ ಮುಖಮಾಡಿದ ಮನೆಯ ಕಿಟಕಿಯನ್ನು ತೆರೆದವರಿಗೆ ಈ ಅಂಕಿಗಳು ಯಾವುದೋ ಬೇರೆ ಊರಿಗೆ ಸೇರಿದವೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ತರುಣರು ಲೋಕಲ್ ಗಾಡಿಯ ಗದ್ದಲವನ್ನು ಮೀರಿಸಲು ಕಿವಿಯೊಳಗಿನ ಇಯರ್‌ಫೋನಿನ ದನಿಯನ್ನು ಏರಿಸುತ್ತಾರೆ. ಕಾಂದಿವಲಿಯಿಂದ ಚರ್ಚ್‌ಗೇಟಿಗೆ ಹೋಗಿಬರುವವರು ಹೀಗೆ ದಿನಕ್ಕೆ ಎರಡು ಗಂಟೆಗಳಿಗೂ ಮಿಕ್ಕಿ ಕಿವಿಯನ್ನು ದಂಡಿಸುವುದುಂಟು. ಇತ್ತ ಹಿರಿಯರಲ್ಲಿ ವಯಸ್ಸಿನೊಡನೆ ಮೊದಲು ಕುಂದುವುದು ತಾರಸ್ಥಾಯಿಯ ದನಿಗಳನ್ನು ಗ್ರಹಿಸುವ ಶಕ್ತಿ. ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗಿ, “ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ” ಎನ್ನುವ ಸ್ಥಿತಿ ಬರುತ್ತದೆ. ಅಂಥವರು ಶ್ರವಣಪರೀಕ್ಷೆಯನ್ನು ಮಾಡಿಸಿಕೊಳ್ಳಲು ಸಂಕೋಚಪಡಬಾರದು.

ಮುಕ್ತ ಗಿಟಾರು ಕಿವುಡಿಗೆ ಔಷಧವೆಂದು ಯಾರೂ ತಪ್ಪು ತಿಳಿಯಬಾರದು. ಅದರಿಂದಾಗುವ ಉಪಕಾರವು ಸರಳವಾದುದು. ಶುಚಿಯಾದ ನಾದದ ಒಂಟಿ ಗಿಟಾರನ್ನು ಸವಿಯಲು ದನಿಯನ್ನು ಏರಿಸಬೇಕಾಗಿಲ್ಲ, ಸುತ್ತಣ ಸದ್ದನ್ನು ಇಳಿಸಬೇಕು. ಕಿಟಕಿಯನ್ನು ಮುಚ್ಚಬೇಕು, ದೂರದರ್ಶನವನ್ನು ಆರಿಸಬೇಕು, ಮಾತು ನಿಲ್ಲಿಸಬೇಕು. ಇಯರ್‌ಫೋನನ್ನು ತೆಗೆದು ಕೋಣೆಯ ಸಾಧಾರಣ ಸ್ಪೀಕರಿನಲ್ಲಿ ಮಾತಿನ ಮಟ್ಟಕ್ಕಿಂತ ಕೊಂಚ ಕೆಳಗೆ ನುಡಿಸಿದರೂ ಸಾಕು. ಇಷ್ಟು ಸಿದ್ಧತೆಯು ಕಿವಿಗೆ ದೊರೆಯುವ ವಿಶ್ರಾಂತಿಯೇ ಸರಿ.

ಬೈಲಿಯವರ ಬಾಳಿನ ಕೊನೆಯ ಅಧ್ಯಾಯವೂ ಈ ಸಂದರ್ಭದಲ್ಲಿ ಸ್ಮರಣೀಯವಾಗಿದೆ. ವೃದ್ಧಾಪ್ಯದಲ್ಲಿ ಅವರ ಬಲಗೈ ಮೀಟುಕಡ್ಡಿಯನ್ನು ಹಿಡಿಯಲಾರದಾಯಿತು. ಮಣಿಕಟ್ಟಿನ ನರವು ಅದುಮಿಹೋಗುವ ಕಾರ್ಪಲ್ ಟನಲ್ ತೊಂದರೆಯೆಂದು ಮೊದಲು ಎಣಿಸಲಾಯಿತು. ಅವರು ಶಸ್ತ್ರಚಿಕಿತ್ಸೆಗೆ ಒಪ್ಪದೆ ಹೆಬ್ಬೆರಳಿನಿಂದ ನುಡಿಸುವುದನ್ನು ಹೊಸದಾಗಿ ಕಲಿಯತೊಡಗಿದರು. ಮೂರು ವಾರ, ಐದು ವಾರ, ಹೀಗೆ ಹನ್ನೆರಡು ವಾರಗಳವರೆಗಿನ ಆ ಕಲಿಕೆಯು ‘ಕಾರ್ಪಲ್ ಟನಲ್’ ಎಂಬ ಹೆಸರಿನಲ್ಲಿಯೇ 2005ರಲ್ಲಿ ಮುದ್ರಿಕೆಯಾಗಿ ಹೊರಬಂದಿತು. ಅದು ಮೋಟಾರ್ ನ್ಯೂರಾನ್ ಎಂಬ ನರರೋಗವೆಂದು ಬಳಿಕ ತಿಳಿಯಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಕೈ ಜೋಮುಹಿಡಿಯುವವರು ವೈದ್ಯರಲ್ಲಿಗೆ ಹೋಗುವುದೇ ವಿವೇಕ, ಈ ವಿಷಯದಲ್ಲಿ ಬೈಲಿಯವರು ಅನುಕರಣೀಯರಲ್ಲ. ಆದರೆ ಕುಂದಿದ ಶಕ್ತಿಯನ್ನು ಮರೆಮಾಡದೆ, ಉಳಿದುದರಿಂದಲೇ ಹೊಸ ನುಡಿಯನ್ನು ಕಟ್ಟಿಕೊಂಡ ಧೈರ್ಯ ದೊಡ್ಡದು.

ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಜನಿಸಿ, ಮುಂಬಯಿಯಲ್ಲಿ ಪ್ರೊಫೆಸರ್ ದೇವಧರರ ಬಳಿ ಸಂಗೀತ ಕಲಿತ ಕುಮಾರ ಗಂಧರ್ವರ ಬಾಳಿನಲ್ಲಿಯೂ ಇಂಥದೇ ಒಂದು ಅಧ್ಯಾಯವಿದೆ. ಕ್ಷಯರೋಗದಿಂದ ಒಂದು ಶ್ವಾಸಕೋಶ ಹಾಳಾಗಿ, ವರ್ಷಗಟ್ಟಲೆ ಹಾಡದೆ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದ ಅವರು ಚೇತರಿಸಿಕೊಂಡು ಹಾಡಿದಾಗ, ಅವರ ಗಾಯನವು ಚಿಕ್ಕ ಚಿಕ್ಕ ತುಣುಕುಗಳ, ನಡುವೆ ಮೌನವುಳ್ಳ ಹೊಸ ಗಾಯನವಾಗಿತ್ತು. ಸಂಪ್ರದಾಯಸ್ಥರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಇಂದು ಅದನ್ನು ಮೆಚ್ಚದ ರಸಿಕರು ವಿರಳ. ಇಂದು ವಿಚಿತ್ರವೆಂದು ತೋರುವುದನ್ನು ಕೊಂಚ ತಾಳ್ಮೆಯಿಂದ ಕೇಳಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಸಂಘಗಳು ಮಾಡಬಹುದಾದುದು

ಕನ್ನಡದ ಕೆಲಸವೇ ಬೆಟ್ಟದಷ್ಟಿರುವಾಗ ಪರದೇಶದ ಗಿಟಾರಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಪ್ರಶ್ನೆಯು ಸಹಜವಾದುದೇ. ಕನ್ನಡ ಶಾಲೆಗಳಿಗೆ ಮಕ್ಕಳಿಲ್ಲ, ನಾಟಕಕ್ಕೆ ಪ್ರೇಕ್ಷಕರಿಲ್ಲ, ಸಂಘದ ಸಭೆಗೆ ತರುಣರು ಬರುವುದಿಲ್ಲ ಎಂಬ ಕೊರಗು ಪ್ರತಿಯೊಂದು ವಾರ್ಷಿಕ ವರದಿಯಲ್ಲಿಯೂ ಕಂಡುಬರುತ್ತದೆ. ಆದರೆ ಬಂದ ತರುಣರಿಗೆ ಸಿಗುವುದೇನು? ಸಭಾಂಗಣದ ಎರಡೂ ಬದಿಗೆ ಆಳೆತ್ತರದ ಧ್ವನಿವರ್ಧಕಗಳು, ಸಾಲುಸಾಲಾಗಿ ಭಾಷಣಗಳು, ಮಾತು ಮುಗಿದರೆ ಕಿವಿ ಗುಂಯ್‌ಗುಡುವಷ್ಟು ಹಾಡು. ಹೇಳುವವರು ಹಲವರು, ಕೇಳುವವರಿಲ್ಲ. ತರುಣರು ಏನನ್ನು ಕೇಳುತ್ತಿದ್ದಾರೆಂದು ಅವರನ್ನು ಒಮ್ಮೆಯಾದರೂ ವಿಚಾರಿಸಿದ ಸಂಘಗಳು ಎಷ್ಟಿವೆ?

ಮಾಡಬೇಕಾದ ವ್ಯವಸ್ಥೆಗೆ ದುಡ್ಡು ಹೆಚ್ಚು ಬೇಕಿಲ್ಲ. ತಿಂಗಳಿಗೊಂದು ಭಾನುವಾರದ ಸಂಜೆ, ಸಂಘದ ಕಚೇರಿಯಲ್ಲಿಯೋ ಸದಸ್ಯರೊಬ್ಬರ ಮನೆಯಲ್ಲಿಯೋ ಇಪ್ಪತ್ತು ಮಂದಿ ನೆಲದ ಮೇಲೆ ಕುಳಿತರೆ ಸಾಕು. ಒಬ್ಬ ತರುಣನೋ ತರುಣಿಯೋ ತನಗೆ ಪ್ರಿಯವಾದ ಮುದ್ರಿಕೆಯನ್ನು ಕನ್ನಡದಲ್ಲಿ ಪರಿಚಯಿಸಿ ಕಾಲು ಗಂಟೆ ಕೇಳಿಸಲಿ. ಬಳಿಕ ಹಿರಿಯರೊಬ್ಬರು ವೀಣೆಯ ತಾನವನ್ನೋ ಮನ್ಸೂರರ ಒಂದು ರಾಗವನ್ನೋ ಅಷ್ಟೇ ಹೊತ್ತು ಕೇಳಿಸಿ, ಅದರ ಸೊಗಸು ಎಲ್ಲಿದೆಯೆಂದು ತಿಳಿಸಲಿ. ಧ್ವನಿವರ್ಧಕ ಬೇಡ, ಹಾರತುರಾಯಿ ಬೇಡ. ಕೇಳಿದ ಮೇಲೆ ಮೆಚ್ಚಲೇಬೇಕೆಂಬ ಕಟ್ಟಳೆಯೂ ಬೇಡ. ಹಿಡಿಸಲಿಲ್ಲವೆಂದು ಕಾರಣಸಹಿತ ಹೇಳುವುದೂ ರಸಿಕತೆಯೇ ಆಗಿದೆ. ತರುಣರು ತಮ್ಮ ಅಭಿರುಚಿಯನ್ನು ಕನ್ನಡದಲ್ಲಿ ವಿವರಿಸಲು ತೊಡಗಿದರೆ ಅದಕ್ಕಿಂತ ಮಿಗಿಲಾದ ಕನ್ನಡದ ಕೆಲಸ ಇನ್ನಾವುದು?

ಹೊಸಬರು ತೊಡಗುವುದಕ್ಕೆ ಬೈಲಿಯವರು 2002ರಲ್ಲಿ ಹೊರತಂದ ‘ಬ್ಯಾಲಡ್ಸ್’ ಸೂಕ್ತವಾದುದು. ಅದರಲ್ಲಿ ಹಳೆಯ ಜನಪ್ರಿಯ ಧಾಟಿಗಳು ಆಗಾಗ ಇಣುಕುತ್ತವೆ, ಮರುಗಳಿಗೆಯಲ್ಲಿ ಮುಕ್ತವಾದನದಲ್ಲಿ ಕರಗುತ್ತವೆ. ತಾಳವನ್ನು ಎಣಿಸಲು ಹೋಗದೆ, ಒಂದು ಸ್ವರವು ಆರುವ ತನಕ ಅದನ್ನು ಹಿಂಬಾಲಿಸುವುದು ಮೊದಲ ಪಾಠ. ವಾದಕನು ಮುಂದೆ ಏನು ಮಾಡಬಹುದೆಂದು ಊಹಿಸಿ, ಊಹೆಯು ಹುಸಿಯಾದಾಗ ಸಿಡುಕದೆ ನಗುವುದು ಎರಡನೆಯ ಪಾಠ. ಐದಾರು ಸಲ ಕೇಳಿದ ಮೇಲೂ ರುಚಿಸದಿದ್ದರೆ ಬಿಟ್ಟುಬಿಡಬಹುದು. ಕಳೆದುಕೊಂಡುದು ಏನೂ ಇರುವುದಿಲ್ಲ. ಅಷ್ಟು ಹೊತ್ತು ಕಿವಿಗೆ ಗದ್ದಲದಿಂದ ಬಿಡುವು ದೊರೆತಿರುತ್ತದೆ, ಮನೆಯ ಮಗುವಿನ ಪಕ್ಕದಲ್ಲಿ ಕುಳಿತಂತಾಗಿರುತ್ತದೆ.

ಹಡಗಿನಲ್ಲಿಯೂ ರೈಲಿನಲ್ಲಿಯೂ ಈ ನಗರಕ್ಕೆ ಬಂದ ಹಿಂದಿನ ತಲೆಮಾರಿನ ಕನ್ನಡಿಗರು ಮರಾಠಿ, ಗುಜರಾತಿ, ಹಿಂದಿಗಳನ್ನು ಕಿವಿಯಿಂದಲೇ ಕಲಿತು ಬಾಳನ್ನು ಕಟ್ಟಿಕೊಂಡರು. ಕಿವಿಗೊಟ್ಟು ಕೇಳುವ ಆ ಗುಣವೇ ಅವರನ್ನು ಉಳಿಸಿತು. ಆ ಗುಣವು ಮಕ್ಕಳಲ್ಲಿ ಗಿಟಾರಿನ ರೂಪದಲ್ಲಿ ಮರಳಿ ಕಾಣಿಸಿಕೊಂಡಿದ್ದರೆ ಹಿರಿಯರು ಚಿಂತಿಸಬೇಕಾದ ಕಾರಣವಿಲ್ಲ. ಅವರಿಗೆ ಜೊತೆ ಬೇಕಾಗಿದೆ. ಆ ಜೊತೆಯನ್ನು ಕೊಡುವುದು ಕಾಂದಿವಲಿಯ ಹಾಗೂ ಇತರ ಉಪನಗರಗಳ ಕನ್ನಡ ಕುಟುಂಬಗಳಿಗೆ, ಸಂಘಗಳಿಗೆ ಅಸಾಧ್ಯವಾದ ಕೆಲಸವೇನಲ್ಲ.